ಅಂಟು ಬಿಡಿಸುವ ಕೋಣೆ

ಸೊಸೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಮೂಲೆಯ ಅಂಗಡಿಗೆ ಮೊಟ್ಟೆ ತರಲು ಹೋಗಿದ್ದವಳು ಪೊಟ್ಟಣವನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಾಗ ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ. ಮೊದಲು ಕಂಡದ್ದು ಅತ್ತೆಗೆ. ಆ ಮನೆಯಲ್ಲಿ ಏನೇ ಆದರೂ ಮೊದಲು ಕಾಣುವುದು ಅತ್ತೆಗೇ.

“ಇನ್ನೊಂದೆಲ್ಲಿ?”

“ಹನ್ನೆರಡೂ ಇದೆ ಅತ್ತೆ, ಎಣಿಸೇ ತಂದೆ.”

“ಮೊಟ್ಟೆ ಅಲ್ವೇ, ಚಪ್ಪಲಿ!”

ಸೊಸೆ ಬಗ್ಗಿ ನೋಡಿಕೊಂಡಳು. ಬರಿಗಾಲಿಗೆ ಬೀದಿಯ ಮಣ್ಣು ಮೆತ್ತಿತ್ತು. ಊಟಕ್ಕೆ ಕೂತಿದ್ದ ಅವಳ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. “ಊರಿಗೆಲ್ಲ ಚರ್ಮ ಹೊಲಿದುಕೊಡೋ ಮನೆ ಸೊಸೆ ಬರಿಗಾಲಲ್ಲಿ ಮೆರವಣಿಗೆ ಹೊರಟ್ಲಾ! ಅಪ್ಪಾ, ಇವಳ ಕಾಲಿಗೊಂದು ಬೆಲ್ಟು ಹಾಕಿ ಕಟ್ಟಿಬಿಡು.” ಅತ್ತೆಯೂ ನಕ್ಕರು. ಸೊಸೆಯೂ ನಕ್ಕಳು, ಸ್ವಲ್ಪ ತಡವಾಗಿ. ಚಪ್ಪಲಿ ಸಿಕ್ಕಿದ್ದು ದರ್ಜಿಯ ಅಂಗಡಿಯ ಮುಂದೆ, ಮನೆಯಿಂದ ಎಂಬತ್ತು ಹೆಜ್ಜೆ ಆಚೆ. ಎಂಬತ್ತು ಹೆಜ್ಜೆ ಅವಳು ಅದಿಲ್ಲದೆ ನಡೆದುಬಂದಿದ್ದಳು.

ಮಾವ ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದ ಹಿಂದೆ ಅವರ ತಮ್ಮ ಇದೇ ಹೊಸ್ತಿಲಲ್ಲಿ ಹೀಗೇ ಒಂದು ಚಪ್ಪಲಿಯಲ್ಲಿ ಬಂದು ನಿಂತಿದ್ದ. ಆಗಲೂ ಎಲ್ಲರೂ ನಕ್ಕಿದ್ದರು. ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದಾಯಿತು, ಇನ್ನೊಂದು ವರ್ಷಕ್ಕೆ ನಡೆಯಲು. ಮುಂದೇನು ಬರುತ್ತದೆ ಎಂಬುದು ಊಟಕ್ಕೆ ಕೂತವರಲ್ಲಿ ಮಾವನೊಬ್ಬರಿಗೇ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದು ಮಾತ್ರ ಇಷ್ಟು: “ಪಟ್ಟಿ ಸಡಿಲ ಆಗಿರಬೇಕು. ಕೊಡಮ್ಮ, ಬಿಗಿ ಮಾಡಿಕೊಡ್ತೀನಿ.”

ಬೀದಿಗೆ ತೆರೆದ ಮುಂದಿನ ಕೋಣೆಯೇ ಅವರ ಅಂಗಡಿ. ಮಾವ ಅಲ್ಲಿ ಕೂತು ಹೊಲಿಯುತ್ತಾರೆ. ಕೈಯಲ್ಲಿ ಮಾಡಿದ ಚೀಲ, ಪೆಟ್ಟಿಗೆ, ಬೆಲ್ಟು, ಹೀಗೆ ಯಂತ್ರಕ್ಕೆ ಬಗ್ಗದ ಹಳೆಯ ಚರ್ಮದ ಸಾಮಾನೆಲ್ಲ ಅವರ ಬಾಗಿಲಿಗೇ ಬರುತ್ತದೆ. ಅಂಥದ್ದನ್ನು ರಿಪೇರಿ ಮಾಡಬೇಕೆಂದರೆ ಮೊದಲು ಬಿಡಿಸಬೇಕು. ಹೊಲಿಗೆ ಬಿಚ್ಚುವುದು ಸುಲಭ, ದಾರ ಕತ್ತರಿಸಿದರಾಯಿತು. ಅಂಟು ಹಾಕಿದ ಎರಡು ಚರ್ಮ ಬೇರೆ ಮಾಡುವುದಿದೆಯಲ್ಲ, ಅಲ್ಲಿ ಜೀವ ಬಾಯಿಗೆ ಬರುತ್ತದೆ. ಜೋರಾಗಿ ಎಳೆದರೆ ಅಂಟು ಬಿಡುವ ಮೊದಲೇ ಚರ್ಮ ಹರಿಯುತ್ತದೆ. ಬ್ಲೇಡು ತೂರಿಸಿದರೆ ಮೇಲ್ಪದರ ಸಿಪ್ಪೆ ಸುಲಿದ ಹಾಗೆ ಎದ್ದುಬರುತ್ತದೆ.

ಇದಕ್ಕೆ ಆ ಮನೆಯದೇ ಒಂದು ಉಪಾಯವಿತ್ತು. ಹಿಂದಿನ ಪುಟ್ಟ ಕೋಣೆಯಲ್ಲಿ ಸಾಮಾನನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅಂಟು ಕರಗಿಸುವ ತಿನ್ನರ್‌ನಲ್ಲಿ ಅದ್ದಿದ ಹತ್ತಿಯಿಟ್ಟು, ಎರಡರ ಮೇಲೂ ದೊಡ್ಡ ಬೋಗುಣಿ ಕವಿಚುವುದು. ಅರ್ಧ ಗಂಟೆ ಆವಿ ಕುಡಿದ ಅಂಟು ಮೆತ್ತಗಾಗುತ್ತದೆ. ಬೋಗುಣಿ ಎತ್ತಿ, ಮುಖ ಬಗ್ಗಿಸಿ, ಒಂದು ಬೆರಳಗಲ ಬಿಡಿಸಬೇಕು. ಮತ್ತೆ ಹತ್ತಿ ಅದ್ದಿ ಮತ್ತೆ ಕವಿಚಬೇಕು. ಕೋಣೆಗಿದ್ದ ಒಂದೇ ಕಿಟಕಿಗೆ ತಗಡು ಬಡಿದಿತ್ತು, ಏಕೆಂದರೆ ಗಾಳಿಯಾಡಿದರೆ ತಿನ್ನರ್ ಹಾರಿಹೋಗಿ ಅಂಟು ನಡುವೆಯೇ ಪುನಃ ಬಿಗಿಯುತ್ತದೆ. “ಗಾಳಿ ಕಂಡ್ರೆ ಅಂಟಿಗೆ ಸಿಟ್ಟು ಕಣಮ್ಮ” ಎಂದು ಮಾವ ಕೆಲಸ ಕಲಿಸಿದ ಮೊದಲ ದಿನವೇ ಸೊಸೆಗೆ ಹೇಳಿದ್ದರು. ಈ ಉಪಾಯ ಕಂಡುಹಿಡಿದವನು ತಮ್ಮ ಎಂಬುದನ್ನು ಹೇಳಿರಲಿಲ್ಲ.

ಸೊಸೆ ಆ ಕೋಣೆಗೆ ಬಂದು ಏಳು ವರ್ಷ. ಮದುವೆಯಾದ ಹೊಸದರಲ್ಲಿ ಅತ್ತೆ ಅವಳನ್ನು “ಉಪ್ಪು ಹಾಕೋಕೂ ಬರಲ್ಲ, ಸೊಪ್ಪು ಬಿಡಿಸೋಕೂ ಬರಲ್ಲ” ಎಂದು ನೆರೆಮನೆಯವರ ಮುಂದೆ ಆಡಿಕೊಳ್ಳುತ್ತಿದ್ದರು. ಒಂದು ದಿನ ಮಾವ ಕೈಚೆಲ್ಲಿದ್ದ ಒಂದು ಪೆಟ್ಟಿಗೆಯ ಮುಚ್ಚಳವನ್ನು ಅವಳು ಗೆರೆ ಬೀಳದಂತೆ ಬಿಡಿಸಿಕೊಟ್ಟಳು. ಅಂಟು ಎಲ್ಲಿ ಸೋಲುತ್ತದೆ, ಎಲ್ಲಿ ಇನ್ನೂ ಹಟ ಹಿಡಿದಿದೆ ಎನ್ನುವುದು ಅವಳ ಬೆರಳ ತುದಿಗೆ ಕಣ್ಣಿಗಿಂತ ಮೊದಲು ತಿಳಿಯುತ್ತಿತ್ತು. ಅಂದಿನಿಂದ ಅತ್ತೆ ಆಡಿಕೊಳ್ಳುವ ಧಾಟಿ ಬದಲಾಯಿತು. “ಅಡುಗೆ ಕೇಳ್ಬೇಡಿ, ಬೆರಳು ಮಾತ್ರ ಬಂಗಾರ” ಎನ್ನತೊಡಗಿದರು. ಆ ಒಂದು ಮಾತಿನ ಮೇಲೆ ಸೊಸೆ ಆ ಮನೆಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಳು. ತಿನ್ನರ್ ತರುವುದು ಅವಳ ಗಂಡನ ಕೆಲಸ. ಅವನು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಲು ಕೊಡುವವನು, ವಾರಕ್ಕೊಂದು ಡಬ್ಬ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ.

ಚಪ್ಪಲಿ ಬಿದ್ದ ವಾರವೇ ನರ್ಸಮ್ಮನ ಚೀಲ ಬಂತು. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿ ಹತ್ತು ವರ್ಷವಾದರೂ ಬೀದಿಯವರಿಗೆ ಆಕೆ ನರ್ಸಮ್ಮನೇ. ಮೂವತ್ತು ವರ್ಷ ಆಕೆಯ ಹೆಗಲಿಗಿದ್ದ ಚೀಲ, ಪೂರ್ತಿ ಕೈಹೊಲಿಗೆ. ನಡುವೆ ಯಾರೋ ಪುಣ್ಯಾತ್ಮ ತಳ ಗಟ್ಟಿಯಾಗಲಿ ಎಂದು ಒಳಗಡೆ ಇನ್ನೊಂದು ದಪ್ಪ ಚರ್ಮ ಮೆತ್ತಿಬಿಟ್ಟಿದ್ದ. ಅದು ಒಣಗಿ ಸೆಟೆದು ಈಗ ಮೂಲ ಚರ್ಮವನ್ನೇ ಎಳೆದು ಬಿರುಕು ಬಿಡಿಸುತ್ತಿತ್ತು.

“ಒಳಗಿನದ್ದು ಹೋದರೆ ಹೋಗಲಿ, ಹೊರಗಿನದ್ದು ಮಾತ್ರ ಹರಿಬಾರದು” ಎಂದರು ನರ್ಸಮ್ಮ. “ಇದನ್ನ ಮಾಡಿದವರು ಈಗಿಲ್ಲ.”

“ನಮ್ಮ ಸೊಸೆ ಕೈಗೆ ಬಿದ್ದಿದ್ದು ಇವತ್ತಿನವರೆಗೂ ಒಂದೂ ಹರಿದಿಲ್ಲ” ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ಸೊಸೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಳಕ್ಕೆ ಬೆರಳಾಡಿಸಿದಳು. ಮೇಲೆ ಉಬ್ಬು ಕಾಣುತ್ತಿತ್ತು, ಬೆರಳಿಗೆ ಉಬ್ಬು ತಾಗಲಿಲ್ಲ. ಮತ್ತೊಮ್ಮೆ ಆಡಿಸಿದಳು. ಬೆರಳಿಗೆ ಯಾರೋ ದಪ್ಪ ಬಟ್ಟೆ ಸುತ್ತಿದ ಹಾಗಿತ್ತು. ಇದೇನೂ ಹೊಸದಲ್ಲ. ಚಳಿಗಾಲದಲ್ಲಿ ಕಾಲ್ಬೆರಳಿಗೆ ಶುರುವಾದ ಜೋಮು ಈಗ ಕೈಗೆ ಹತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಬೆರಳು ಹೋಯಿತೆಂದರೆ ಈ ಮನೆಯಲ್ಲಿ ತನಗೆ ಇನ್ನೇನು ಉಳಿಯಿತು ಎಂಬ ಹೆದರಿಕೆ ಅವಳ ಬಾಯಿ ಕಟ್ಟಿಹಾಕಿತ್ತು.

“ಆಗುತ್ತಾ?” ಎಂದು ನರ್ಸಮ್ಮ ಕೇಳಿದರು.

“ಆಗುತ್ತೆ” ಎಂದಳು.

ಅವಳು ಬಚ್ಚಿಟ್ಟದ್ದನ್ನು ಹೊರಹಾಕಿದ್ದು ಪುಟ್ಟಿ. ಐದು ವರ್ಷದ ಮಗಳು, ನಾಲಿಗೆ ಮಾತ್ರ ಅಜ್ಜಿಯದು. ಬೆಳಿಗ್ಗೆ ಶಾಲೆಗೆ ಹೊರಟವಳ ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಗದರಿದರು. “ಏನೇ ಇದು ಅವತಾರ? ನಿಮ್ಮಮ್ಮನಿಗೆ ಕಣ್ಣು ಕಾಣಲ್ವಾ?”

“ನಾನೇ ಹಾಕ್ಕೊಂಡಿದ್ದು. ಅಮ್ಮನಿಗೆ ಗುಂಡಿ ಹಾಕೋಕೆ ಬರಲ್ಲ. ಅಮ್ಮನ ಬೆರಳಿಗೆ ಯಾವಾಗ್ಲೂ ನಿದ್ದೆ.”

“ಏನಂದೆ?”

“ನಿದ್ದೆ. ನಾನು ಕಚ್ಚಿದ್ರೂ ಏಳಲ್ಲ.”

ಅತ್ತೆ ಅಡುಗೆಮನೆಯತ್ತ ತಿರುಗಿದರು. ಸೊಸೆ ಒಲೆಯ ಮುಂದೆ ನಿಂತು, ಕುದಿಯುವ ಬೇಳೆಯ ಪಾತ್ರೆಯ ಮುಚ್ಚಳವನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಹಿಡಿದಿದ್ದಳು. ಹಿಡಿದುಕೊಂಡೇ ಇದ್ದಳು. “ಬಿಡೇ! ಬಿಡು!” ಎಂದು ಅತ್ತೆ ಕಿರುಚಿ ಓಡಿಹೋಗಿ ಅವಳ ಕೈ ಜಾಡಿಸಿದಾಗ ಮುಚ್ಚಳ ನೆಲಕ್ಕೆ ಬಿತ್ತು. ಬೆರಳುಗಳ ಮೇಲೆ ಕೆಂಪು ಬರೆ ಎದ್ದಿತ್ತು. ಸೊಸೆಯ ಮುಖದಲ್ಲಿ ನೋವಿರಲಿಲ್ಲ, ಸಿಕ್ಕಿಬಿದ್ದ ಭಯವಿತ್ತು.

“ಎಷ್ಟು ದಿನದಿಂದ ಹೀಗೆ?”

“ಇವತ್ತೇ ಅತ್ತೆ. ಏನೋ ಯೋಚನೆಯಲ್ಲಿದ್ದೆ.”

“ಸುಳ್ಳು ಹೇಳಿದ್ರೆ ಇನ್ನೊಂದು ಕೈಗೆ ನಾನೇ ಬರೆ ಹಾಕ್ತೀನಿ ನೋಡು” ಎಂದರು ಅತ್ತೆ. ಹೇಳುತ್ತಲೇ ಆ ಕೈಯನ್ನು ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಅತ್ತೆ ಮಾತೆತ್ತಿದರು. “ರೀ, ಇವಳಿಗೆ ಏನೋ ಆಗಿದೆ. ಬೆಂಕಿ ಮುಟ್ಟಿದ್ರೂ ಗೊತ್ತಾಗ್ತಿಲ್ಲ.”

ಮಗ ತಲೆಯೆತ್ತಿದ. “ರಕ್ತ ಕಮ್ಮಿ ಇರುತ್ತಮ್ಮ. ಸೊಪ್ಪು ಜಾಸ್ತಿ ತಿನ್ನಲಿ, ಸರಿಹೋಗುತ್ತೆ.”

“ನೀನು ಸುಮ್ನಿರು, ನಿನ್ನ ಸಲಹೆ ಮೊಳೆ ಕೊಳ್ಳೋಕೆ ಬರೋರಿಗೆ ಇಟ್ಕೋ. ನೀವೇನಂತೀರಿ?”

ಮಾವ ನೀರು ಕುಡಿದರು. ಲೋಟ ಕೆಳಗಿಟ್ಟರು. “ಎರಡು ದಿನ ರೆಸ್ಟ್ ತಗೊಳ್ಲಿ” ಎಂದರು. ಗೊತ್ತಿದ್ದದ್ದನ್ನು ಹೇಳಲಿಲ್ಲ. ಹೇಳಿದರೆ ಒಂದೇ ಮಾತಿನಲ್ಲಿ ಎರಡು ಒಪ್ಪಿಕೊಳ್ಳಬೇಕಾಗುತ್ತಿತ್ತು. ತಮ್ಮನ ಕಾಲು ಹೋದದ್ದು ಕುಡಿತದಿಂದ ಅಲ್ಲ ಎಂಬುದು ಒಂದು. ಗೊತ್ತಿದ್ದೂ ಅದೇ ಕುರ್ಚಿಯಲ್ಲಿ ಈ ಹುಡುಗಿಯನ್ನು ಕೂರಿಸಿದೆ ಎಂಬುದು ಇನ್ನೊಂದು. ಏಳು ವರ್ಷ ಏನೂ ಆಗಲಿಲ್ಲವಲ್ಲ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಎಲ್ಲರಿಗೂ ಆಗಬೇಕೆಂದೇನಿಲ್ಲ, ತಮ್ಮನ ಮೈಯೇ ನಾಜೂಕು ಎಂದೂ ಹೇಳಿಕೊಂಡಿದ್ದರು. ಮನುಷ್ಯ ತನಗೆ ತಾನು ಹೇಳಿಕೊಳ್ಳುವ ಸುಳ್ಳಿಗೆ ಎದುರುವಾದಿ ಇರುವುದಿಲ್ಲ, ಅದೇ ದೊಡ್ಡ ಅನುಕೂಲ.

ಎರಡು ದಿನದ ರೆಸ್ಟು ಒಂದೇ ದಿನಕ್ಕೆ ಮುಗಿಯಿತು. ಚೀಲ ಅರ್ಧಕ್ಕೆ ನಿಂತಿತ್ತು, ಅರ್ಧ ಬಿಟ್ಟ ಅಂಟು ಒಣಗಿದರೆ ಕಲ್ಲಾಗುತ್ತದೆ. ಸೊಸೆ ಬೆರಳಿಗೆ ಬಟ್ಟೆ ಕಟ್ಟಿಕೊಂಡು ಹಿಂದಿನ ಕೋಣೆಗೆ ಹೋದಳು. ಬೋಗುಣಿ ಎತ್ತಿದಾಗ ತಲೆ ಹಗುರಾಗಿ ತೇಲಿದಂತಾಯಿತು. ಅದು ಎಂದಿನದೇ. “ಆ ಕೋಣೆಯಿಂದ ಬರುವಾಗ ಇವಳು ಯಾವಾಗಲೂ ಖುಷಿಯಾಗಿರ್ತಾಳೆ” ಎಂದು ಗಂಡ ಛೇಡಿಸುವುದೂ ಎಂದಿನದೇ. ಅಂಚು ಹಿಡಿದು ನಿಧಾನವಾಗಿ ಎಳೆದಳು. ಅಂಟು ಎಲ್ಲಿದೆ ಎಂದು ಬೆರಳು ಹೇಳಲಿಲ್ಲ. ಕಣ್ಣನ್ನೇ ನಂಬಿ ಇನ್ನೊಂದಿಷ್ಟು ಎಳೆದಳು. ಚರ್ಮ ಹರಿದ ಸದ್ದು ಚಿಕ್ಕದು, ಕಾಗದ ಹರಿದಷ್ಟೇ. ನರ್ಸಮ್ಮನ ಚೀಲದ ತಳದಲ್ಲಿ ನಾಲ್ಕು ಬೆರಳುದ್ದದ ಸೀಳು ಬಿದ್ದಿತ್ತು.

ಅವಳು ಅಳಲಿಲ್ಲ. ಸೀಳಿನ ಎರಡು ತುಟಿಗಳನ್ನು ಕೂಡಿಸಿ ಹಿಡಿದು ಹಾಗೇ ಕೂತಳು, ಕೈ ತೆಗೆಯದಿದ್ದರೆ ಹರಿದಿಲ್ಲ ಎಂಬಂತೆ. ಮಾವ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

“ಹರೀತಾ?”

ಅವಳು ಬೆಚ್ಚಿದಳು. “ಚರ್ಮ ಹಳೇದು ಮಾವ. ಒಣಗಿಹೋಗಿದೆ.”

“ಹೌದು, ಹಳೇದು” ಎಂದರು ಮಾವ. ಚರ್ಮ ಎಣ್ಣೆ ಕುಡಿದು ಮೃದುವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು. “ನೀನು ಹೊರಗೆ ಹೋಗು. ಮಿಕ್ಕಿದ್ದು ನಾನು ನೋಡ್ಕೋತೀನಿ. ಇನ್ನು ಈ ಕೋಣೆಗೆ ಬರ್ಬೇಡ.”

ಕೆಲಸ ಕಸಿದುಕೊಂಡರು ಎಂದೇ ಅವಳಿಗೆ ಅನ್ನಿಸಿತು. “ಒಂದೇ ಒಂದು ಸಲ ಮಾವ, ಏಳು ವರ್ಷದಲ್ಲಿ ಒಂದೇ ಸಲ...” ಎನ್ನುತ್ತ ಎದ್ದವಳು ಮೇಜಿನ ಕಾಲಿಗೆ ಎಡವಿದಳು. ಮಾವ ಅವಳ ತೋಳು ಹಿಡಿದರು. ಇನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ನರ್ಸಮ್ಮ ಬಂದದ್ದು ಮೂರು ದಿನದ ಮೇಲೆ. ಸೀಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಬೈಯಲು ಬಾಯಿ ತೆರೆದವರು ಸೊಸೆ ಚೀಲದ ಬಕಲ್ ಹಾಕಲು ಪಡುತ್ತಿದ್ದ ಪಾಡು ಕಂಡು ಸುಮ್ಮನಾದರು. ಪಟ್ಟಿಯ ತುದಿ ಅವಳ ಬೆರಳಿಗೆ ಸಿಕ್ಕು ಸಿಕ್ಕು ಜಾರುತ್ತಿತ್ತು.

“ಅದನ್ನ ಬಿಡು. ಎದ್ದು ನಿಲ್ಲು. ಚಪ್ಪಲಿ ತೆಗಿ, ಹಿಮ್ಮಡಿ ಮೇಲೆ ನಡಿ ನೋಡೋಣ.”

“ಯಾಕೆ?”

“ನಡಿಯಮ್ಮ, ನನಗೋಸ್ಕರ.”

ಸೊಸೆ ಕಾಲಿನ ಮುಂಭಾಗ ಎತ್ತಲು ನೋಡಿದಳು. ಪಾದ ಏಳಲಿಲ್ಲ. ಇನ್ನೊಂದು ಕಾಲಿನಲ್ಲಿ ಯತ್ನಿಸಿದಳು. ಅದೂ ಅಷ್ಟೆ. ಬಾಗಿಲ ಚೌಕಟ್ಟು ಹಿಡಿದು ನಿಂತು, ತಪ್ಪು ಮಾಡಿದವಳಂತೆ ಅತ್ತೆಯ ಮುಖ ನೋಡಿದಳು. 

“ಕಾಲು ಎತ್ತೋ ಶಕ್ತಿಯೇ ಹೋಗ್ತಿದೆ” ಎಂದರು ನರ್ಸಮ್ಮ. “ಚೀಲ ಹಾಳಾಗಿ ಹೋಗ್ಲಿ. ಇವಳನ್ನ ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾಳೆ ಅಂದ್ರೆ ನಾಳೆ.”

ಮನೆಯ ದೊಡ್ಡವರು ನಾಲ್ವರೂ ಆಸ್ಪತ್ರೆಗೆ ಹೋದರು. ಅಲ್ಲಿ ಸೊಸೆಯ ಕೈಕಾಲಿಗೆ ತಂತಿ ಅಂಟಿಸಿ ಸಣ್ಣ ಕರೆಂಟು ಕೊಟ್ಟು ನೋಡಿದರು, ರಕ್ತ ತೆಗೆದರು, ಸೂಜಿ ಚುಚ್ಚಿ ಇದು ಗೊತ್ತಾಗುತ್ತಾ ಅದು ಗೊತ್ತಾಗುತ್ತಾ ಎಂದು ಕೇಳಿದರು. ವರದಿ ಬರಲು ವಾರ ಹಿಡಿಯಿತು.  ಅತ್ತೆ ಅಡುಗೆಯನ್ನು ತಾವೇ ವಹಿಸಿಕೊಂಡರು. ಸೊಸೆ ನಡೆಯುವಾಗಲೆಲ್ಲ ಗಂಡ ಓರೆಗಣ್ಣಿನಲ್ಲಿ ಅವಳ ಕಾಲು ನೋಡುತ್ತಿದ್ದ. ಅವಳು ತಿರುಗಿದೊಡನೆ ಗೋಡೆ ನೋಡುತ್ತಿದ್ದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ. “ನರಗಳಿಗೆ ಏಟು ಬಿದ್ದಿದೆ. ಅಂಟಿನ ತಿನ್ನರ್ ಅಂದ್ರಲ್ಲ, ಅದರ ಆವಿಯೇ ಕಾರಣ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಉಸಿರಾಡಿದರೆ ಹೀಗಾಗುತ್ತೆ. ಇವತ್ತಿಂದ ಅದರ ವಾಸನೆ ಕೂಡ ನಿಮ್ಮ ಮೂಗಿಗೆ ಬೀಳಬಾರದು.”

“ಬಿಟ್ರೆ ಸರಿಹೋಗುತ್ತಲ್ವಾ?” ಎಂದ ಮಗ.

“ಒಂದು ವಿಷಯ ಮೊದಲೇ ಹೇಳ್ತೀನಿ, ಗಾಬರಿ ಆಗ್ಬೇಡಿ. ಬಿಟ್ಟ ಮೇಲೂ ಎರಡು ಮೂರು ತಿಂಗಳು ಇನ್ನೂ ಇಳೀಬಹುದು. ಆಮೇಲೆ ನಿಲ್ಲುತ್ತೆ, ನಿಧಾನವಾಗಿ ಮೇಲೆ ಬರುತ್ತೆ. ಎಷ್ಟು ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ.” ಪೆನ್ನು ಹಿಡಿದು ಕೇಳಿದರು. “ಮನೇಲಿ ಆ ಕೆಲಸ ಮಾಡಿದವರು ಬೇರೆ ಯಾರಾದ್ರೂ ಇದ್ದಾರಾ? ಯಾರಿಗಾದ್ರೂ ಹೀಗಾಗಿತ್ತಾ?”

ಮಗ ಅಪ್ಪನ ಮುಖ ನೋಡಿದ.

“ಇಲ್ಲ” ಎಂದರು ಮಾವ.

ಅತ್ತೆ ಗಂಡನ ಕಡೆ ತಿರುಗಿದರು.   ಮನೆಗೆ ಬಂದು ಸೊಸೆಯನ್ನು ಮಂಚದ ಮೇಲೆ ಕೂರಿಸಿ, ಪುಟ್ಟಿಗೆ ಹಾಲು ಕೊಟ್ಟು, ಕೈ ಒರೆಸಿಕೊಂಡು ಅಂಗಡಿಗೆ ಬಂದರು.

“ನಿಮ್ಮ ತಮ್ಮ ಕೂತಿದ್ದು ಯಾವ ಕೋಣೆಯಲ್ಲಿ?”

ಮಾವ ಸೂಜಿಗೆ ದಾರ ಪೋಣಿಸುತ್ತಿದ್ದರು.

“ಕೇಳ್ತಿರೋದು ನಿಮ್ಮನ್ನೇ. ಅವನ ಕಾಲು ಹೋಗಿದ್ದು ಕುಡಿದು ಅಂದ್ರಿ. ಶನಿವಾರಕ್ಕೊಂದು ಲೋಟ ಕುಡಿಯೋನು! ಊರೆಲ್ಲ ಕುಡುಕ ಅಂತು, ನಾನೂ ಅಂದೆ. ಅವನ ಮುಖಕ್ಕೇ ಅಂದಿದ್ದೀನಿ, ಅನ್ನ ಬಡಿಸ್ತಾ ಅಂದಿದ್ದೀನಿ!”

“ಮೆಲ್ಲಗೆ ಮಾತಾಡು. ಒಳಗೆ ಕೇಳಿಸುತ್ತೆ.”

“ಕೇಳಿಸಲಿ!”

ಒಳಗೆ ಕೇಳಿಸಿತ್ತು. ಮಗ ಹೊರಗೆ ಬಂದ. ಅವನ ಸಿಟ್ಟು ಮೊದಲು ಹರಿದದ್ದು ಅಪ್ಪನ ಮೇಲಲ್ಲ, ತನ್ನ ಮೇಲೆಯೇ. “ದಿನಾ ಅಂಗಡೀಲಿ ಗಿರಾಕಿಗಳಿಗೆ ಹೇಳ್ತೀನಮ್ಮ. ‘ಕಿಟಕಿ ತೆಗೆದಿಟ್ಕೊಂಡು ಬಳಸಿ ಸಾರ್, ಡಬ್ಬದ ಮೇಲೆ ಬರೆದಿದೆ ನೋಡಿ’ ಅಂತ ಹೇಳಿ ಹೇಳಿ ಬಾಯಿಪಾಠ ಆಗಿದೆ. ಅದೇ ಡಬ್ಬ ಸೈಕಲ್ಲಿಗೆ ಕಟ್ಕೊಂಡು ಬಂದು ಇವಳ ಕೈಗೆ ಕೊಟ್ಟೆ. ನಮ್ಮನೆ ಕೆಲಸಕ್ಕೂ ಅದು ಅನ್ವಯ ಆಗುತ್ತೆ ಅಂತ ನನ್ನ ತಲೆಗೇ ಬರಲಿಲ್ಲ.” ಸುತ್ತಿಗೆ ತಗೊಂಡು ಹಿಂದಿನ ಕೋಣೆಗೆ ಹೋದ. ತಗಡು ಕಿತ್ತು ಹಿತ್ತಲಿಗೆ ಎಸೆದ ಸದ್ದು ಬೀದಿಗೂ ಕೇಳಿಸಿತು.

ಮಾವ ಚೀಲವನ್ನು ಅಂಗಳಕ್ಕೆ ತಂದರು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಚಮಚದ ಹಿಡಿಯನ್ನು ಪದರಗಳ ನಡುವೆ ತೂರಿಸಿ, ದಿನಕ್ಕೆ ಎರಡು ಬೆರಳಗಲ ಬಿಡಿಸಿದರು. ಒಂಬತ್ತು ದಿನ ಹಿಡಿಯಿತು. ಇದೂ ಆಗುವ ಕೆಲಸವೇ. ಬೇಕಾಗಿದ್ದದ್ದು ಒಂಬತ್ತು ದಿನ ಮಾತ್ರ. ಸೀಳಿಗೆ ತೇಪೆ ಹಾಕಿ ಕೊಟ್ಟಾಗ ನರ್ಸಮ್ಮ ಚೀಲ ನೋಡಲೇ ಇಲ್ಲ. “ಹುಡುಗಿ ಹೇಗಿದ್ದಾಳೆ?” ಎಂದು ಕೇಳಿದರು.

ಹುಡುಗಿ ಇಳಿಯುತ್ತಿದ್ದಳು. ಡಾಕ್ಟರು ಮೊದಲೇ ಹೇಳಿದ್ದರೂ ಕಣ್ಣೆದುರು ಆಗುವಾಗ ಆ ಮಾತು ಯಾರಿಗೂ ಧೈರ್ಯ ಕೊಡಲಿಲ್ಲ. ಮೂರನೆಯ ವಾರಕ್ಕೆ ಅವಳಿಗೆ ಚಮಚ ಹಿಡಿಯುವುದು ಕಷ್ಟವಾಯಿತು. ಐದನೆಯ ವಾರಕ್ಕೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗಲಿಲ್ಲ. ತಲೆ ಬಾಚುವುದು, ಸೀರೆ ಉಡಿಸುವುದು ಎಲ್ಲ ಅತ್ತೆಯೇ. “ಉಪ್ಪು ಹಾಕೋಕೆ ಬರಲ್ಲ ಅಂತ ಬೈತಿದ್ದೆನಲ್ಲ, ಬೇಗ ಎದ್ದು ಬಂದು ಉಪ್ಪಿಲ್ಲದ ಅಡುಗೆ ಮಾಡೇ, ಬೈಯೋಕೆ ಯಾರೂ ಸಿಗ್ತಿಲ್ಲ” ಎನ್ನುತ್ತ ಜಡೆ ಹಾಕುತ್ತಿದ್ದರು. ಬೆನ್ನ ಹಿಂದೆ ಕೂತು ಹೇಳುತ್ತಿದ್ದುದರಿಂದ ಅವರ ಕಣ್ಣು ಸೊಸೆಗೆ ಕಾಣುತ್ತಿರಲಿಲ್ಲ.

ಒಂದು ಸಂಜೆ ಸೊಸೆ ಹೇಳಿದಳು. “ಅತ್ತೆ, ಚಿಕ್ಕಮಾವನನ್ನ ಕರೆಸಿ. ಇನ್ನೆಷ್ಟು ಇಳೀತೀನಿ ಅಂತ ಕೇಳ್ಬೇಕು. ಗೊತ್ತಿಲ್ಲದೆ ಕಾಯೋಕೆ ನನ್ನ ಕೈಲಿ ಆಗ್ತಿಲ್ಲ.”

“ಬೇಡ” ಎಂದರು ಮಾವ, ಅಂಗಡಿಯಿಂದಲೇ.

“ನಿಮ್ಮನ್ಯಾರು ಕೇಳಿದ್ರು?” ಎಂದ ಅತ್ತೆ ಅವತ್ತೇ ಫೋನು ಮಾಡಿದರು.

ಮಾವನ ತಮ್ಮ ಚಿಕ್ಕಮಾವ ಭಾನುವಾರ ಮಧ್ಯಾಹ್ನ ಬಂದರು. ಬಾಡಿಗೆ ಕಾರಿನಿಂದ ಮೊದಲು ಎರಡು ಕೋಲು ಇಳಿದವು, ಆಮೇಲೆ ಅವರು. ಬಾಗಿಲಿಗೆ ಮೂರು ಮೆಟ್ಟಿಲು. ಅವರು ಪ್ರತಿ ಸಲವೂ ಮೊಣಕಾಲನ್ನು ಎತ್ತರಕ್ಕೆ ಎತ್ತಿ, ಜೋತುಬಿದ್ದ ಪಾದವನ್ನು ಮೆಟ್ಟಿಲ ಮೇಲೆ ಎಸೆದಂತೆ ಇಟ್ಟು, ಮೇಲೇರುತ್ತಿದ್ದರು. ಮನೆಮಂದಿಯೆಲ್ಲ ಆ ಪಾದಗಳನ್ನೇ ನೋಡುತ್ತ ನಿಂತರು. ಸೊಸೆ ಗಂಡನ ತೋಳು ಹಿಡಿದು ನಿಂತಿದ್ದಳು. ತಾನು ಹೀಗೇ ಆಗುತ್ತೇನೆ ಎಂದು ಅವಳಿಗೆ ಅನ್ನಿಸಿತು, ಓಡಿಹೋಗಬೇಕೆನಿಸಿತು.

“ಏನ್ ಅತ್ತಿಗೆ, ಸರ್ಕಸ್ ನೋಡೋ ಹಾಗೆ ನೋಡ್ತಿದ್ದೀರ? ಟಿಕೆಟ್ ಬೇಡ, ಒಂದು ಕುರ್ಚಿ ಕೊಡಿ ಸಾಕು.”

ಅತ್ತೆ ಕುರ್ಚಿ ತಂದಿಟ್ಟರು. ಏನೋ ಹೇಳಲು ಹೋಗಿ, “ಊಟ ಮಾಡ್ತೀಯಲ್ಲಪ್ಪ?” ಎಂದಷ್ಟೇ ಹೇಳಿ ಒಳಗೆ ಹೋದರು.  ಮಾವ ಊಟಕ್ಕೆ ಬರಲಿಲ್ಲ. ಅಂಗಡಿಯ ಗಿಡ್ಡ ಪೀಠದಲ್ಲಿ ಬೆನ್ನು ತಿರುಗಿಸಿ ಕೂತಿದ್ದರು, ಸೂಜಿ ಆಡುತ್ತಿರಲಿಲ್ಲ.

ಊಟವಾದ ಮೇಲೆ ಚಿಕ್ಕಮಾವ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಅವಳ ಕೈ ಮಗುಚಿ ನೋಡಿದರು. “ಕೇಳಮ್ಮ, ಏನು ಬೇಕೋ.”

“ನಂದು ವಾಪಸ್ ಬರುತ್ತಾ?”

“ನನ್ನ ಕೈ ಬಂತು. ಒಂದೂವರೆ ವರ್ಷ ಹಿಡೀತು. ಕಾಲು ಪೂರ್ತಿ ಬರಲಿಲ್ಲ. ನಿಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನೂ ಎದುರು ಕೂತೇ ಹೇಳ್ಬೇಕು ಅಂತ ಬಂದೆ. ನಾನು ಜೋಮು ಹಿಡಿದ ಮೇಲೂ ಎರಡು ವರ್ಷ ಆ ಕೋಣೇಲಿ ಕೂತಿದ್ದೆ. ನೀನು?”

ಅವಳು ಗಂಡನತ್ತ ನೋಡಲಿಲ್ಲ. “ಎಂಟು ತಿಂಗಳು.”

“ಎಂಟು ತಿಂಗಳಾ?” ಎಂದ ಗಂಡ. ದನಿ ಒಡೆದಿತ್ತು.

“ಎಂಟು ತಿಂಗಳು ಎರಡು ವರ್ಷಕ್ಕಿಂತ ವಾಸಿ” ಎಂದರು ಚಿಕ್ಕಮಾವ. “ಅಷ್ಟು ಮಾತ್ರ ಹೇಳಬಲ್ಲೆ.”

“ನೀವು ಯಾಕೆ ಬಿಡಲಿಲ್ಲ ಚಿಕ್ಕಪ್ಪ? ಡಾಕ್ಟರಿಗೆ ತೋರಿಸಿರಲಿಲ್ವಾ?” ಎಂದು ಗಂಡ ಕೇಳಿದ.

“ತೋರಿಸಿದ್ವಿ. ಡಾಕ್ಟರ್ ಹೇಳಿದ್ರು ಕೂಡ. ನನಗಲ್ಲ, ಅಣ್ಣನಿಗೆ.” ಅವರು ಅಂಗಡಿಯ ಕಡೆ ನೋಡದೆಯೇ ಹೇಳಿದರು. “ನಾನು ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ‘ಆ ಕೋಣೆಯಿಂದ ಇವನನ್ನ ಹೊರಗೆ ತನ್ನಿ, ಇಲ್ಲಾಂದ್ರೆ ಕಾಲು ಹೋಗುತ್ತೆ’ ಅಂದಿದ್ದು ಚೆನ್ನಾಗಿ ಕೇಳಿಸ್ತು. ಅಣ್ಣ ಹೊರಗೆ ಬಂದು, ‘ಏನಿಲ್ಲ ಕಣೋ, ಶಕ್ತಿಗೆ ಮಾತ್ರೆ ಕೊಟ್ಟಿದ್ದಾರೆ’ ಅಂದ.”

ಅತ್ತೆ ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟರು.

“ನಾನು ಅಂದ್ಕೊಂಡೆ, ಅಷ್ಟು ದೊಡ್ಡ ವಿಷಯ ಆಗಿದ್ರೆ ಅಣ್ಣ ನನಗೆ ಹೇಳದೆ ಇರ್ತಾನಾ? ಡಾಕ್ಟರ್ ಸುಮ್ನೆ ಹೆದರಿಸಿರಬೇಕು. ಅಣ್ಣ ಹೆದರಿಲ್ಲ ಅಂದ್ರೆ ಹೆದರೋಂಥದ್ದು ಏನಿಲ್ಲ ಅಂತ. ಮಾರನೇ ದಿನ ಮತ್ತೆ ಬೋಗುಣಿ ಕವಿಚಿದೆ.”

“ಕೇಳಿಸಿತ್ತಾ ನಿನಗೆ?” ಪೀಠದಿಂದ ಬಂದ ದನಿ ಮಾವನದೆಂದು ಯಾರಿಗೂ ಕೂಡಲೇ ತಿಳಿಯಲಿಲ್ಲ. “ಮತ್ತೆ ಯಾಕೋ ಒಂದು ಮಾತು ಕೇಳಲಿಲ್ಲ ನನ್ನ?”

“ನೀನೇ ಹೇಳ್ತೀಯ ಅಂತ ಕಾದೆ ಅಣ್ಣಾ” ಎಂದರು ತಮ್ಮ.

 ಸೊಸೆ ಎದ್ದಳು. ಗಂಡ ಹಿಡಿಯಲು ಬಂದದ್ದನ್ನು ಬೇಡವೆಂದು ತಲೆಯಾಡಿಸಿ, ಗೋಡೆ ಹಿಡಿದು, ಆಮೇಲೆ ಬಾಗಿಲು ಹಿಡಿದು, ಅಂಗಡಿಗೆ ಹೋಗಿ ಮಾವನ ಎದುರಿನ ಮಣೆಯ ಮೇಲೆ ಕೂತಳು. ಕೂರುವುದಕ್ಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು. ಮಾವ ನೋಡುತ್ತಿದ್ದರು.

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತಮ್ಮ.”

“ನೀವು ಮುಂದಿನ ಕೋಣೆಯಲ್ಲೇ ಕೂತು ಹೊಲೀತಿದ್ರಿ. ನೀವಿದ್ದೀರಲ್ಲ ಅಂತ ನಾನೂ ಧೈರ್ಯವಾಗಿದ್ದೆ.” ಅವಳು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡಳು. “ಕ್ಷಮಿಸು ಅನ್ಬೇಡಿ ಮಾವ, ಅದು ನನಗೀಗ ಬೇಕಿಲ್ಲ. ಚಿಕ್ಕಮಾವನಿಗೆ ಒಳಗಿದ್ದುಕೊಂಡು ಎಷ್ಟೋ ಮರೆತಿರುತ್ತೆ. ನೀವು ಹೊರಗಿಂದ ನೋಡಿದ್ದೀರ. ಯಾವ ತಿಂಗಳು ಏನು ಹೋಯ್ತು, ಯಾವ ತಿಂಗಳು ನಿಂತಿತು, ಎಷ್ಟು ಸಲ ಬಿದ್ರು, ಎಲ್ಲಾ ಹೇಳಿ. ನನ್ನ ಮುಖ ನೋಡಿ ಹೇಳಿ. ಭಯ ಆಗುತ್ತೆ ಅಂತ ಒಂದನ್ನೂ ಬಿಡ್ಬೇಡಿ.”

ಮಾವ ಕೈಯಲ್ಲಿದ್ದ ಚರ್ಮವನ್ನು ಪಕ್ಕಕ್ಕಿಟ್ಟರು. 

“ಮೊದಲು ಲೋಟ ಕೈಜಾರಿ ಬೀಳ್ತಿತ್ತು” ಎಂದರು. “ಮಳೆಗಾಲದ ಹೊತ್ತಿಗೆ ಬರೆಯೋಕೆ ಆಗ್ತಿರಲಿಲ್ಲ. ಆಮೇಲೊಂದು ದಿನ ಅಂಗಳದಲ್ಲಿ ಬಿದ್ದ, ಏಳೋಕೆ ಆಗಲಿಲ್ಲ, ನನ್ನನ್ನ ಕೂಗಿದ.” ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ?” ಎಂದಳು ಸೊಸೆ.